ಕನ್ನಡಕದ ಮೇಡಂ ಸುಮ್ಮನಿದ್ದ ಮನೆ

ನಮ್ಮ ಊರಿಗೆ ಮನೆ ಕೊಳ್ಳಲು ಬರುವವರು ದಲ್ಲಾಳಿಯ ಮಾತನ್ನು ನಂಬುವುದಿಲ್ಲ. ಅವನ ಹಿಂದೆ ಕೋಣೆ ಕೋಣೆ ಸುತ್ತಿ, ಗೋಡೆಯನ್ನು ಬೆರಳಿನಿಂದ ಕುಟ್ಟಿ, ನಲ್ಲಿ ತಿರುಗಿಸಿ, ಎಲ್ಲಕ್ಕೂ ತಲೆಯಾಡಿಸುತ್ತಾರೆ. ಅವನು ಬೈಕು ಹತ್ತಿ ಹೋದಮೇಲೆ ಬೀದಿಯ ಮೂಲೆಮನೆಯ ಬಾಗಿಲು ತಟ್ಟಿ ನಿಜ ಕೇಳುತ್ತಾರೆ. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ, ಕರೆಂಟು ಎಷ್ಟು ಸಲ ಹೋಗುತ್ತದೆ, ಹಿಂದಿನ ಬೀದಿಯ ಮರದ ಮಿಲ್ಲಿನ ಸದ್ದು ಮಲಗುವ ಕೋಣೆಗೆ ಕೇಳುತ್ತದೆಯೇ, ಪಕ್ಕದವರು ಜಗಳಗಂಟರೇ. ಚಿಕ್ಕ ಊರಿನಲ್ಲಿ ಮನೆಯ ಬಗ್ಗೆ ತಿಳಿದಿರಬೇಕಾದ ಸಂಗತಿಗಳು ಯಾವ ಕಾಗದಪತ್ರದಲ್ಲೂ ಇರುವುದಿಲ್ಲ, ಅಕ್ಕಪಕ್ಕದವರ ಬಾಯಲ್ಲಿ ಇರುತ್ತವೆ. ಕೇಳುವುದು ಇಲ್ಲಿನ ರೂಢಿ. ಕೇಳದೆ ಕೊಂಡವನನ್ನು ಜನ ಪೆದ್ದ ಎನ್ನುತ್ತಾರೆ.

ನಮ್ಮ ಬೀದಿಯ ಮೂಲೆಮನೆಯಲ್ಲಿ ಬಾಡಿಗೆಗೆ ಇದ್ದವಳು ನನ್ನ ತಂಗಿ. ಹೀಗಾಗಿ ಬೀದಿಯ ಅಷ್ಟೂ ಮನೆಗಳ ಹಣೆಬರಹ ಅವಳ ನಾಲಿಗೆಯ ಮೇಲಿತ್ತು.

ಒಂದು ಸಂಜೆ ನಾನು ಅಲ್ಲೇ ಕುಳಿತಿದ್ದಾಗ ಗಂಡ ಹೆಂಡತಿ ಇಬ್ಬರು ಎದುರು ಸಾಲಿನ ಹಳದಿ ಮನೆಯನ್ನು ನೋಡಿಕೊಂಡು ಬಂದರು. ಹೆಂಡತಿಗೆ ಮನೆ ಹಿಡಿಸಿತ್ತು, ಅದರಲ್ಲೂ ಅಡುಗೆಮನೆ. ತಂಗಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

“ಅಡುಗೆ ಮಾಡೋದು ಯಾರು?”

“ನಾನೇ.”

“ಹಾಗಾದ್ರೆ ಬೇಡ. ಮಧ್ಯಾಹ್ನ ತಿರುಗಿದ್ರೆ ಆ ಅಡುಗೆಮನೇಲಿ ಒಲೆ ಹಚ್ಚೋದೇ ಬೇಕಾಗಿಲ್ಲ. ಪಾತ್ರೆ ಇಟ್ರೆ ಬಿಸಿಲಿಗೆ ತಾನೇ ಬೇಯುತ್ತೆ, ಜೊತೆಗೆ ನೀವೂ ಬೇಯ್ತೀರಿ. ಇವರು ಅಡುಗೆ ಮಾಡೋದಾದ್ರೆ ತಗೊಳ್ಳಿ.”

ಹೆಂಡತಿ ಗಂಡನ ಮುಖ ನೋಡಿದಳು. ಗಂಡ ಚಪ್ಪಲಿ ಹುಡುಕತೊಡಗಿದ. ಹಳದಿ ಮನೆ ಮಾರಾಟವಾಗಲಿಲ್ಲ, ಆಮೇಲೂ ಬಹಳ ಕಾಲ ಬೀಗ ಹಾಕಿಕೊಂಡೇ ನಿಂತಿತ್ತು.

ಅವಳು ಹೇಳಿದ್ದೆಲ್ಲ ಸರಿಯಾಗಿರುತ್ತಿತ್ತು ಎಂದು ಯಾರೂ ತಿಳಿಯಬಾರದು. ಬೀದಿಯ ಕೊನೆಯ ಮನೆಯ ಗೋಡೆ ಮುಂದಿನ ಮಳೆಗಾಲಕ್ಕೆ ಬಿರುಕು ಬಿಟ್ಟು ಕೂರುತ್ತದೆ ಎಂದು ಒಂದು ಕಾಲದಲ್ಲಿ ಸಾರಿಕೊಂಡು ಬಂದಿದ್ದಳು. ಆ ಮನೆಯನ್ನು ನಾನು ಕೊಂಡೆ. ಅದರ ಗೋಡೆ ಇಂದಿಗೂ ನೆಟ್ಟಗಿದೆ. ಅದನ್ನು ಎತ್ತಿ ಆಡಿದಾಗಲೆಲ್ಲ, “ಇನ್ನೂ ಟೈಮಿದೆ ಅಕ್ಕ,” ಎನ್ನುತ್ತಾಳೆ.

ಮೊದಲಿನಿಂದಲೂ ಅವಳು ಹಾಗೇ. ನಾನು ಓದಿದೆ, ಕಾಲೇಜಿನಲ್ಲಿ ಪಾಠ ಹೇಳಿದೆ. ಅವಳು ಓದಲಿಲ್ಲ. ಬೇಡ ಎಂದು ಯಾರೂ ತಡೆಯಲಿಲ್ಲ, ಅವಳಿಗೇ ಬೇಡವಾಗಿತ್ತು. ಮುಖ್ಯ ರಸ್ತೆಯ ಕನ್ನಡಕದಂಗಡಿಯಲ್ಲಿ ಗಾಜು ಒರೆಸುವ ಕೆಲಸಕ್ಕೆ ಸೇರಿದವಳು ಅಲ್ಲೇ ಬೇರೂರಿದಳು. ಉದ್ದಕ್ಕೆ ಇಕ್ಕಟ್ಟಾದ ಅಂಗಡಿ ಅದು. ಎರಡು ಗೋಡೆಗೂ ಕನ್ನಡಿ, ಕೊನೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಬಿಸಿ ಮರಳಿನ ಡಬ್ಬಿ. ಕನ್ನಡಕದ ಕಡ್ಡಿಗಳನ್ನು ಆ ಮರಳಿನಲ್ಲಿ ಹುದುಗಿಸಿ ಮೆತ್ತಗಾಗಿಸಿ, ಗಿರಾಕಿಯ ಕಿವಿಯ ಹಿಂದಕ್ಕೆ ಸರಿಯಾಗಿ ಬಗ್ಗಿಸುವುದು ಅವಳ ಕೆಲಸ. ಊರಿನ ಅರ್ಧ ಜನರ ಕಿವಿಯ ಹಿಂಭಾಗ ತನಗೆ ಗೊತ್ತು ಎನ್ನುತ್ತಾಳೆ. ಅದೇನು ಹೆಮ್ಮೆ ಪಡುವ ವಿಷಯವೋ ನಾನರಿಯೆ.

ಆ ಅಂಗಡಿಯಲ್ಲಿ ಅವಳಿಂದಲೇ ಹುಟ್ಟಿದ ಒಂದು ಪದ್ಧತಿಯಿತ್ತು. ಗಿರಾಕಿ ಒಂದೊಂದೇ ಫ್ರೇಮು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಂತೆ ಇವಳು ಮೇಜಿನ ಹಿಂದಿನಿಂದಲೇ ತೀರ್ಪು ಕೊಡುತ್ತಿದ್ದಳು. ಇದು ನಿಮಗೆ ಒಪ್ಪಲ್ಲ, ಗೂಬೆ ಥರ ಕಾಣ್ತೀರಿ. ಅದು ಮೂಗಿನ ಮೇಲೆ ನಿಲ್ಲಲ್ಲ. ಇದು ನಿಮ್ಮ ಮಗನಿಗೆ ಸರಿಹೋಗುತ್ತೆ, ನಿಮಗಲ್ಲ. ಯಾವುದೋ ಒಂದು ಫ್ರೇಮಿಗೆ ಮಾತು ನಿಲ್ಲುತ್ತಿತ್ತು, ಅವಳು ತಲೆ ತಗ್ಗಿಸಿ ಬೇರೆ ಯಾರದೋ ಕನ್ನಡಕದ ತಿರುಪು ಬಿಗಿಯತೊಡಗುತ್ತಿದ್ದಳು. ಅದನ್ನೇ ಕೊಳ್ಳಬೇಕೆಂದು ಗಿರಾಕಿಗೆ ತಿಳಿಯುತ್ತಿತ್ತು. ಚೆನ್ನಾಗಿದೆ ಎಂಬ ಮಾತು ಅವಳ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಕನ್ನಡಕದ ಮೇಡಂ ಸುಮ್ಮನಾದರೆ ಪಾಸು, ಎಂದು ಊರಿನಲ್ಲಿ ಎಲ್ಲರೂ ಹೇಳುತ್ತಿದ್ದರು.

ಇನ್ನು ಅವಳು ಇದ್ದ ಮೂಲೆಮನೆಯ ವಿಷಯ. ಅದನ್ನು ಕಟ್ಟಿದಾಗ ರಸ್ತೆಗಿಂತ ಮೇಲಿತ್ತಂತೆ. ನಗರಸಭೆಯವರು ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸದನ್ನು ಹಾಕುತ್ತ ಬಂದರು. ರಸ್ತೆ ಏರಿತು, ಮನೆ ತಗ್ಗಾಯಿತು. ಈಗ ಬೀದಿಯಿಂದ ಒಂದು ಮೆಟ್ಟಿಲು ಇಳಿದು ಒಳಗೆ ಹೋಗಬೇಕು. ಮನೆ ಕೊಳ್ಳುವವರು ಗೋಡೆಯ ಬಣ್ಣ ನೋಡುತ್ತಾರೆ, ಅಡುಗೆಮನೆಯ ಕಲ್ಲು ಸವರುತ್ತಾರೆ. ಒಳಗೆ ಹೋಗುವಾಗ ತಾವು ಹತ್ತಿದೆವೋ ಇಳಿದೆವೋ ಎಂದು ಮಾತ್ರ ಗಮನಿಸುವುದಿಲ್ಲ. ದೊಡ್ಡ ಮಳೆ ಬಂದು ಬೀದಿಯ ಒಳಚರಂಡಿ ತುಂಬಿದರೆ ಆ ಕೊಳಕು ನೀರಿಗೆ ಹೋಗಲು ಬೇರೆ ದಾರಿಯಿಲ್ಲ. ತಗ್ಗಿನಲ್ಲಿರುವ ಮೂಲೆಮನೆಯ ಬಚ್ಚಲ ತೂತಿನಿಂದ ಮೇಲೆ ಉಕ್ಕುತ್ತದೆ.

ತಂಗಿ ಅದಕ್ಕೊಂದು ಉಪಾಯ ಮಾಡಿಕೊಂಡಿದ್ದಳು. ಬಡಗಿಯಿಂದ ಒಂದು ದಪ್ಪ ಮರದ ಬಿರಡೆ ಮಾಡಿಸಿ, ಅದಕ್ಕೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದ್ದಳು. ಮಳೆ ಜೋರಾಗುವ ಮುನ್ಸೂಚನೆ ಕಂಡರೆ ಸಾಕು, ಅಂಗಡಿಯಲ್ಲಿ ಯಾರ ಕನ್ನಡಕ ಯಾವ ಸ್ಥಿತಿಯಲ್ಲಿರಲಿ, ಬಿಟ್ಟು ಮನೆಗೆ ಓಡಿ ಬಿರಡೆ ಜಡಿದು ಅದರ ಮೇಲೆ ಮರಳಿನ ಚೀಲ ಇಟ್ಟು ಬರುತ್ತಿದ್ದಳು. ಒಂದು ಕಡ್ಡಿ ಮಾತ್ರ ಇರುವ ಕನ್ನಡಕ ಹಾಕಿಕೊಂಡು ಕಾದ ಗಿರಾಕಿಗಳು ಎಷ್ಟೋ. ಯಜಮಾನರು ಬೈದು ಬೈದು ಸೋತರು.

ಇಷ್ಟೆಲ್ಲ ಇದ್ದರೂ ಅವಳಿಗೆ ಆ ಮನೆಯೇ ಬೇಕು. ಕಾರಣ, ಮುಂದಿನ ಕೋಣೆಯ ಕಿಟಕಿ. ಅಗಲವಾದ ಕಿಟಕಿ, ಕುಳಿತುಕೊಳ್ಳಬಹುದಾದಂಥ ಕಟ್ಟೆ. ಸಂಜೆಯ ಬೆಳಕು ಅದರಿಂದ ಕೋಣೆಯ ಹಿಂದಿನ ಗೋಡೆಯವರೆಗೆ ಬರುತ್ತಿತ್ತು. ಮನೆಗೆ ತಂದ ಕೆಲಸವನ್ನು ಅವಳು ಅಲ್ಲಿ ಕುಳಿತು ಮುಗಿಸುತ್ತಿದ್ದಳು, ಬೀದಿಯನ್ನೂ ನೋಡುತ್ತಿದ್ದಳು. ಗಂಡ ಬಸ್ ಡಿಪೋದಲ್ಲಿ ಟೈಮ್‌ಕೀಪರ್, ಮಾತಿಗೆ ಮುಂಚೆ ನಗುವ ಮನುಷ್ಯ. “ಇವಳು ನನ್ನನ್ನ ಮದುವೆ ಆಗಿದ್ದು ಮನೆಯವರು ಹೇಳಿದ್ರು ಅಂತ. ಆ ಕಿಟಕೀನ ಮಾತ್ರ ತಾನೇ ನೋಡಿ ಮೆಚ್ಚಿಕೊಂಡಳು,” ಎನ್ನುತ್ತಿದ್ದ.

ಮನೆಯ ಒಡತಿ ಅದನ್ನು ಮಾರಿ ಬೇರೆ ಊರಿಗೆ ಹೋಗುವುದೆಂದು ತೀರ್ಮಾನಿಸಿದಾಗ ಮೊದಲು ಕೇಳಿದ್ದು ನನ್ನ ತಂಗಿಯನ್ನೇ. ಗಂಡ ಹೆಂಡತಿ ಕೂಡಿಟ್ಟದ್ದರಲ್ಲಿ ಏನು ಕೊಡಬಹುದೋ ಹೇಳಿದರು. ಒಡತಿಗೆ ಅದು ಕಡಿಮೆ ಅನ್ನಿಸಿತು. ಮಳೆಗಾಲ ಶುರುವಾಗುವವರೆಗೆ ನೋಡುತ್ತೇನೆ, ಹೆಚ್ಚಿಗೆ ಕೊಡುವವರು ಸಿಗದಿದ್ದರೆ ಮನೆ ನಿಮ್ಮದೇ, ಎಂದಳು. ದಲ್ಲಾಳಿಗೂ ಹೇಳಿಟ್ಟಳು.

ಬೇರೆ ಯಾರೂ ಕೊಳ್ಳದಿದ್ದರೆ ಮನೆ ತಂಗಿಗೆ ದಕ್ಕುತ್ತಿತ್ತು. ಯಾರೂ ಕೊಳ್ಳದಂತೆ ಮಾಡಲು ಅವಳು ಸುಳ್ಳು ಹೇಳಬೇಕಾಗಿರಲಿಲ್ಲ. ಕೇಳಲು ಬಂದವರಿಗೆ ಬಚ್ಚಲು ತೋರಿಸಿ ಇದ್ದದ್ದು ಹೇಳಿದ್ದರೆ ಸಾಕಿತ್ತು. ಜನ್ಮವಿಡೀ ಮಾಡಿಕೊಂಡು ಬಂದದ್ದೂ ಅದನ್ನೇ.

ಆದರೆ ದಲ್ಲಾಳಿ ಅವಳಿಗಿಂತ ಚುರುಕು. ಹಳದಿ ಮನೆ ಕೈತಪ್ಪಿದ ಸಿಟ್ಟು ಅವನಿಗೆ ಇದ್ದೇ ಇತ್ತು. ಇವಳು ಬಾಯಿ ತೆರೆಯುವ ಮೊದಲೇ ಬೇಕರಿಯಲ್ಲಿ, ಸಲೂನಿನಲ್ಲಿ, ಕೊನೆಗೆ ಕನ್ನಡಕದಂಗಡಿಯ ಮೆಟ್ಟಿಲ ಮೇಲೇ ನಿಂತು ಹೇಳಿಕೊಂಡು ಬಂದ. ನೋಡ್ತಾ ಇರಿ, ಆಯಮ್ಮನಿಗೆ ಆ ಮನೆ ಬೇಕು, ಈಗ ಅದಕ್ಕೆ ಇಲ್ಲದ ಹುಳುಕೆಲ್ಲ ಹುಟ್ಟುತ್ತೆ. ಇಷ್ಟು ದಿನ ಬೇರೆ ಮನೆಗಳಿಗೆ ಹೇಳಿದ್ದೂ ಇಂಥದ್ದೇ ಅಂತ ಗೊತ್ತಾಗುತ್ತೆ.

ಆ ಮಾತು ಅವಳಿಗೆ ನಾಟಿತು. ಅಂದು ಸಂಜೆ ನನ್ನನ್ನು ಕರೆಸಿ, ಗಂಡನನ್ನೂ ಕೂರಿಸಿಕೊಂಡು, ಈ ಮನೆಯ ಬಗ್ಗೆ ತಾನು ಯಾರಿಗೂ ಒಂದು ಮಾತೂ ಹೇಳುವುದಿಲ್ಲ ಎಂದು ಸಾರಿದಳು. ನಾನು ಬುದ್ಧಿ ಹೇಳಿದೆ. ಬಚ್ಚಲಲ್ಲಿ ಉಕ್ಕುವ ನೀರು ಯಾರ ಲಾಭನಷ್ಟವನ್ನೂ ನೋಡುವುದಿಲ್ಲ, ಇರುವ ಸಂಗತಿಯನ್ನು ಇದೆ ಎನ್ನುವುದಕ್ಕೆ ಸಂಕೋಚವೇಕೆ ಎಂದೆ.

“ನನಗೆ ಲಾಭ ಇರೋ ಕಡೆ ನಾನು ಬಾಯಿ ಬಿಡಲ್ಲ ಅಕ್ಕ.”

“ಹಾಗಾದ್ರೆ ಕೊಳ್ಳೋರಿಗೆ ಆಗೋ ನಷ್ಟ?”

“ಅವರಿಗೂ ಕಣ್ಣಿದೆ, ನೋಡಿಕೊಳ್ಳಲಿ.”

“ಕಣ್ಣಿದ್ದಿದ್ರೆ ನಿನ್ನ ಅಂಗಡಿಗೆ ಯಾಕೆ ಬರ್ತಿದ್ರು?” ಎಂದ ಅವಳ ಗಂಡ.

ಯಾರೂ ನಗಲಿಲ್ಲ. ಅವನು ಮತ್ತೊಮ್ಮೆ ಪ್ರಯತ್ನಿಸಿದ. ಈ ಹಿಂದೆ ಅವಳ ಬಾಯಿ ಮುಚ್ಚಿಸಲು ತಾನೂ ಎಷ್ಟೋ ಸಲ ನೋಡಿದ್ದೆ, ಆಗದೆ ಹೋಯಿತು, ಅದನ್ನು ಸಾಧಿಸಿದ ದಲ್ಲಾಳಿಯ ಕಾಲಿಗೆ ಬೀಳಬೇಕು ಎಂದ. ಅವಳು ಎದ್ದು ಒಳಗೆ ಹೋದಳು. ನನ್ನ ತಂಗಿಯ ಜೊತೆ ವಾದ ಮಾಡುವುದು ಬೀಗ ಹಾಕಿದ ಬಾಗಿಲಿನ ಜೊತೆ ಮಾತಾಡಿದಂತೆ. ನನಗೆ ಬಂದ ಸಿಟ್ಟನ್ನು ನಾನು ಮನೆಗೆ ಹೊತ್ತುಕೊಂಡು ಹೋದೆ.

ಮನೆ ನೋಡಲು ಬಂದವರು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಮತ್ತು ಅವರ ಹೆಂಡತಿ. ಮೇಷ್ಟ್ರು ಓಡುವಾಗ ಬೀಳದಂತೆ ಕನ್ನಡಕಕ್ಕೆ ಎಲಾಸ್ಟಿಕ್ ಕಟ್ಟಿಕೊಂಡ ಮನುಷ್ಯ. ಆ ಎಲಾಸ್ಟಿಕ್ ಹೊಲಿದುಕೊಟ್ಟವಳು ನನ್ನ ತಂಗಿಯೇ. ಬಿಸಿಲು ಕಾಲ. ಮನೆ ಒಣಗಿ ಗರಿಗರಿ ಎನ್ನುತ್ತಿತ್ತು. ದಲ್ಲಾಳಿ ಮನೆ ತೋರಿಸಿ, ಎಂದಿನಂತೆ ಬೈಕು ಹತ್ತಿ ಹೋದ. ಮೇಷ್ಟ್ರು ರೂಢಿಯಂತೆ ನಿಜ ಕೇಳಲು ನಿಂತರು. ಬೇರೆ ಮನೆಗಾಗಿದ್ದರೆ ಮೂಲೆಮನೆಗೆ ಬರುತ್ತಿದ್ದರು. ಇದು ಮೂಲೆಮನೆಯೇ ಆದ್ದರಿಂದ ಅಲ್ಲೇ, ಮುಂದಿನ ಕೋಣೆಯಲ್ಲೇ ಕೇಳಿದರು.

“ಈಗ ಹೇಳಿ ಮೇಡಂ. ಏನಿದೆ ಇದರಲ್ಲಿ?”

“ನನ್ನನ್ನ ಕೇಳಬೇಡಿ. ಈ ಮನೆ ನಮಗೂ ಬೇಕಾಗಿದೆ.”

ಅಷ್ಟು ಹೇಳಿ ಅವಳು ಕಿಟಕಿಯ ಕಟ್ಟೆಯ ಮೇಲೆ ಕುಳಿತು, ತಲೆ ತಗ್ಗಿಸಿ, ಕೈಯಲ್ಲಿದ್ದ ಕನ್ನಡಕದ ತಿರುಪು ಬಿಗಿಯತೊಡಗಿದಳು.

ಮೇಷ್ಟ್ರ ಮುಖ ಅರಳಿದ್ದನ್ನು ಅಂದು ಅಲ್ಲೇ ಇದ್ದ ನಾನು ಕಣ್ಣಾರೆ ಕಂಡೆ. ಅವರು ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದರು. ಊರಿನ ಪ್ರತಿ ಮನೆಗೂ ಹುಳುಕು ಹೇಳಿದ ಹೆಂಗಸು ಈ ಮನೆಯ ಬಗ್ಗೆ ಸುಮ್ಮನಿದ್ದಾಳೆ, ಸಾಲದ್ದಕ್ಕೆ ತನಗೇ ಬೇಕು ಎನ್ನುತ್ತಾಳೆ. ಇದಕ್ಕಿಂತ ದೊಡ್ಡ ಶಿಫಾರಸು ಯಾವ ಮನೆಗೆ ಸಿಕ್ಕೀತು?

ನನಗೆ ತಡೆಯಲಾಗಲಿಲ್ಲ. ಮನೆ ರಸ್ತೆಗಿಂತ ತಗ್ಗಿನಲ್ಲಿದೆ, ಬಚ್ಚಲಿನ ತೂತಿನಿಂದ ಚರಂಡಿ ನೀರು ಹಿಂದಕ್ಕೆ ಬರುತ್ತದೆ, ದುಡುಕದೆ ಮಳೆಗಾಲದಲ್ಲಿ ಒಮ್ಮೆ ಬಂದು ನೋಡಿ ಎಂದೆ. ಮೇಷ್ಟ್ರು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡರು. ಒಡತಿ ಕೊಟ್ಟ ಗಡುವು ಮಳೆಗಾಲದವರೆಗೆ ಮಾತ್ರ ಎಂದು ದಲ್ಲಾಳಿ ಅವರಿಗೆ ಹೇಳಿದ್ದ.

“ತಂಗಿ ಪರವಾಗಿ ಅಕ್ಕ ಮಾತಾಡೋದು ಸಹಜ ಅಮ್ಮಾ. ನಾನು ತಪ್ಪು ತಿಳಿಯಲ್ಲ,” ಎಂದರು.

ನಲವತ್ತು ವರ್ಷ ತರಗತಿಯಲ್ಲಿ ಹೇಳಿದ್ದನ್ನು ನಂಬಿಸಿದ ನನಗೆ ಅಂದು ಒಂದು ಬಚ್ಚಲ ತೂತನ್ನು ನಂಬಿಸಲಾಗಲಿಲ್ಲ. ಮೇಷ್ಟ್ರು ಒಡತಿ ಕೇಳಿದ ಬೆಲೆಗೇ ಒಪ್ಪಿಕೊಂಡು ಮನೆ ಕೊಂಡರು.

ತಂಗಿ, ಅವಳ ಗಂಡ ಖಾಲಿ ಮಾಡಬೇಕಾಯಿತು. ಅಂಗಡಿಗೂ ಡಿಪೋಗೂ ಹತ್ತಿರವಾಗುವ ಹಾಗೆ ಅದೇ ಬೀದಿಯಲ್ಲಿ ಖಾಲಿ ಇದ್ದದ್ದು ಒಂದೇ ಮನೆ, ಎದುರು ಸಾಲಿನ ಹಳದಿ ಮನೆ. ಅವಳ ಮಾತಿನಿಂದಲೇ ಮಾರಾಟವಾಗದೆ ಉಳಿದಿದ್ದ ಆ ಮನೆಗೆ ಬಾಡಿಗೆದಾರಳಾಗಿ ಅವಳೇ ಹೋದಳು. ಸಾಮಾನು ಸಾಗಿಸುವ ದಿನ ಗಂಡ ಒಂದು ಖಾಲಿ ಪಾತ್ರೆಯನ್ನು ಆ ಅಡುಗೆಮನೆಯ ಕಟ್ಟೆಯ ಮೇಲಿಟ್ಟು, “ಬೆಂದ ಮೇಲೆ ಊಟಕ್ಕೆ ಕರಿ,” ಎಂದು ಹೊರಗೆ ಹೋಗಿ ಕುಳಿತ. ಆ ದಿನ ಅವಳು ಅವನ ಜೊತೆ ಮಾತಾಡಲಿಲ್ಲ.

ಮರದ ಬಿರಡೆಯನ್ನು ಅವಳು ಮೂಲೆಮನೆಯ ಬಚ್ಚಲಿನಲ್ಲೇ, ಕಣ್ಣಿಗೆ ಬೀಳುವಂತೆ ಇಟ್ಟು ಬಂದಿದ್ದಳು. ಏತಕ್ಕೆಂದು ಹೇಳಿದೆಯಾ ಎಂದು ಕೇಳಿದೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ ಎಂದಳು. ಮಾರಾಟ ಮುಗಿದಮೇಲೆ ಹೇಳಲು ಏನಡ್ಡಿ ಎಂದರೆ, ಈಗ ಹೇಳಿದರೆ ಹೊಟ್ಟೆಕಿಚ್ಚು ಎನ್ನುತ್ತಾರೆ ಎಂದಳು. ನೆಟ್ಟಗಿರುವುದಕ್ಕೂ ಒಂದು ಮಿತಿ ಇರಬೇಕು. ನನ್ನ ತಂಗಿ ನೆಟ್ಟಗಿದ್ದದ್ದರಿಂದ ಲಾಭವಾದದ್ದು ಒಬ್ಬ ದಲ್ಲಾಳಿಗೆ ಮಾತ್ರ.

ಮೊದಲ ದೊಡ್ಡ ಮಳೆ ಮಧ್ಯಾಹ್ನದ ಹೊತ್ತಿಗೆ ಬಂತು. ನನ್ನ ಕನ್ನಡಕದ ಮೂಗಿನ ಮೆತ್ತೆ ಬದಲಿಸಿಕೊಳ್ಳಲು ನಾನು ಅಂಗಡಿಯಲ್ಲೇ ಇದ್ದೆ. ಹೊರಗೆ ಬೆಳಕು ಕುಗ್ಗಿತು, ಗಾಳಿಗೆ ಬೋರ್ಡು ಬಡಿದುಕೊಂಡಿತು. ತಂಗಿ ನನ್ನ ಕನ್ನಡಕವನ್ನು ಮೆತ್ತೆ ಕಳಚಿದ ಹಾಗೇ ಮೇಜಿನ ಮೇಲೆ ಬಿಟ್ಟು ಎದ್ದು ಓಡಿದಳು. ಕಣ್ಣು ಮಬ್ಬಾದ ನಾನು ಛತ್ರಿ ಹಿಡಿದು ಅವಳ ಹಿಂದೆ ಹೋದೆ. ಅವಳು ಹಳದಿ ಮನೆಯ ಕಡೆ ಹೋಗಲಿಲ್ಲ. ರೂಢಿಬಿದ್ದ ಕಾಲು, ನೇರವಾಗಿ ಮೂಲೆಮನೆಗೆ ನಡೆದಿತ್ತು.

ಬಾಗಿಲು ತೆರೆದೇ ಇತ್ತು. ಕಪ್ಪು ನೀರು ಬಚ್ಚಲು ದಾಟಿ ನಡುಮನೆಗೆ ಬಂದಿತ್ತು. ವಾಸನೆಯ ಬಗ್ಗೆ ನಾನು ಬರೆಯುವುದಿಲ್ಲ. ಮೇಷ್ಟ್ರ ಹೆಂಡತಿ ಕುರ್ಚಿಯ ಮೇಲೆ ನಿಂತು ಸೀರೆ ಎತ್ತಿ ಹಿಡಿದಿದ್ದಳು. ಮೇಷ್ಟ್ರು ಶಾಲೆಯಿಂದ ಆಗತಾನೇ ಓಡಿಬಂದು, ಪ್ಯಾಂಟು ಮಡಚಿಕೊಂಡು ಬಕೆಟ್ಟಿನಿಂದ ನೀರೆತ್ತಿ ಬೀದಿಗೆ ಸುರಿಯುತ್ತಿದ್ದರು. ಬೀದಿ ಅದನ್ನು ವಾಪಸು ಕಳಿಸುತ್ತಿತ್ತು.

“ಬಿರಡೆ ಎಲ್ಲಿ?” ಎಂದು ತಂಗಿ ಕೇಳಿದಳು.

“ಯಾವ ಬಿರಡೆ?”

“ಮರದ್ದು. ರಬ್ಬರ್ ಸುತ್ತಿರೋದು.”

ಮೇಷ್ಟ್ರ ಹೆಂಡತಿ ಕುರ್ಚಿಯ ಮೇಲಿಂದಲೇ ಮುಂದಿನ ಕೋಣೆಯತ್ತ ಬೆರಳು ತೋರಿಸಿದಳು. ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಬಿರಡೆಯನ್ನು ಅದರಡಿಗೆ ಒತ್ತು ಕೊಟ್ಟಿದ್ದರು. ತಂಗಿ ಅದನ್ನು ಕಿತ್ತುಕೊಂಡು ಬಚ್ಚಲಿಗೆ ಹೋಗಿ, ಮೊಣಕೈವರೆಗೆ ಆ ನೀರಿನಲ್ಲಿ ಕೈಯಿಟ್ಟು ತಡಕಾಡಿ ತೂತು ಮುಚ್ಚಿದಳು. ಬಿರಡೆಯ ಮೇಲೆ ಕಾಲಿಟ್ಟು ನಿಂತುಕೊಂಡಳು. ನೀರು ಏರುವುದು ನಿಂತಿತು. ಮೇಷ್ಟ್ರು ಬಕೆಟ್ಟು ಕೆಳಗಿಟ್ಟರು.

“ನಿಮಗೆ ಇದು ಗೊತ್ತಿತ್ತಾ ಮೇಡಂ?”

“ಗೊತ್ತಿತ್ತು.”

“ಒಂದು ಮಾತು ಹೇಳಬಾರದಿತ್ತಾ?”

“ನನಗೂ ಬೇಕಾಗಿದ್ದ ಮನೆ ಇದು. ಹೇಳಿದ್ರೆ ನಂಬ್ತಿದ್ರಾ?”

ಮೇಷ್ಟ್ರು ನನ್ನ ಕಡೆ ಒಮ್ಮೆ ನೋಡಿದರು, ಕನ್ನಡಕವಿಲ್ಲದಿದ್ದರೂ ಅಷ್ಟು ನನಗೆ ಕಂಡಿತು.

“ಇಲ್ಲ,” ಎಂದರು. “ಆದ್ರೂ ನೀವು ಸುಮ್ಮನಿದ್ರಲ್ಲ. ನೀವು ಸುಮ್ಮನಿದ್ರೆ ಚೆನ್ನಾಗಿದೆ ಅಂತ ಅಲ್ವಾ?”

ತಂಗಿ ಬಿರಡೆಯ ಮೇಲೆ ನಿಂತೇ ಇದ್ದಳು. ಮೇಷ್ಟ್ರ ಹೆಂಡತಿ, “ಎಂಥಾ ಊರಪ್ಪಾ ಇದು, ಬೈದ್ರೆ ಬೇಡ ಅಂತ, ಬೈಯದಿದ್ರೆ ಕೊಂಡುಕೋ ಅಂತ. ಬಾಯಿಬಿಟ್ಟು ಹೇಳೋಕೆ ಯಾರಿಗೂ ಬರಲ್ವಾ?” ಎಂದಳು. ಅಷ್ಟು ಹೊತ್ತಿನಲ್ಲಿ ಆಡಿದ ಮಾತುಗಳಲ್ಲಿ ನನಗೆ ಒಪ್ಪಿಗೆಯಾದದ್ದು ಅದೊಂದೇ.

ಮಳೆಗಾಲವೆಲ್ಲ ತಂಗಿ ಹಾಗೇ ಓಡಿದಳು. ಮೇಷ್ಟ್ರಿಗೆ ಬಿರಡೆ ಜಡಿಯುವುದು ಹೇಳಿಕೊಟ್ಟರೂ ಅವರು ಶಾಲೆಯ ಮೈದಾನದಲ್ಲಿರುತ್ತಿದ್ದರು. ಅವರ ಹೆಂಡತಿ ಅದನ್ನು ಮುಟ್ಟಲೊಲ್ಲೆ ಎಂದಿದ್ದಳು. ಈ ಜಂಜಾಟಕ್ಕೆ ಬೇಸತ್ತು ಮೇಷ್ಟ್ರು ಮನೆಯನ್ನು ಮತ್ತೆ ಮಾರಿಬಿಡುತ್ತಾರೆ, ಆಗ ನಮ್ಮ ಕೈಗೆಟುಕುವ ಬೆಲೆಗೆ ಬರುತ್ತದೆ, ಎಂದು ತಂಗಿಯ ಗಂಡ ಲೆಕ್ಕ ಹಾಕುತ್ತಿದ್ದ. ಅವಳು ಸಂಜೆ ಹಳದಿ ಮನೆಯ ಜಗಲಿಯಲ್ಲಿ ಕೂತು ಎದುರಿನ ಕಿಟಕಿಯನ್ನು ನೋಡುತ್ತಿದ್ದಳು, ಅಷ್ಟು ನನಗೆ ಗೊತ್ತು.

ಮೇಷ್ಟ್ರು ಮಾರಲಿಲ್ಲ. ಮಳೆ ನಿಂತಕೂಡಲೇ ಲಾರಿಗಟ್ಟಲೆ ಮಣ್ಣು ತರಿಸಿದರು. ಇಡೀ ಮನೆಯ ನೆಲವನ್ನು ರಸ್ತೆಗಿಂತ ಮೇಲಕ್ಕೆ ಎತ್ತಿಸಿದರು, ಬಚ್ಚಲಿಗೆ ಹೊಸ ಪೈಪು ಹಾಕಿಸಿದರು. ನೆಲ ಏರಿದ್ದರಿಂದ ಕಿಟಕಿಯ ಕಟ್ಟೆ ಪಾದದ ಮಟ್ಟಕ್ಕೆ ಬಂತು. ಬೀದಿಯಲ್ಲಿ ಹೋಗುವವರಿಗೆ ಇಡೀ ಕೋಣೆ ಕಾಣುತ್ತದೆಂದು ಅವರ ಹೆಂಡತಿ ಕಿಟಕಿಯ ಕೆಳಗಿನ ಅರ್ಧಕ್ಕೆ ಇಟ್ಟಿಗೆ ಕಟ್ಟಿಸಿದಳು. ಮೇಲಿನ ಅರ್ಧಕ್ಕೆ ಹೊರಗೆ ಚಾಚಿದ ಸಜ್ಜೆಯ ನೆರಳು.

ಕೆಲಸ ಮುಗಿದ ಮೇಲೆ ಮೇಷ್ಟ್ರು ನಮ್ಮ ಮೂವರನ್ನೂ ಕರೆದು ಮನೆ ತೋರಿಸಿದರು. ಒಂದು ಮೆಟ್ಟಿಲು ಹತ್ತಿ ಒಳಗೆ ಹೋದೆವು. ಗಾರೆಯ ವಾಸನೆ ಇನ್ನೂ ಹೋಗಿರಲಿಲ್ಲ. ಮುಂದಿನ ಕೋಣೆಯಲ್ಲಿ ಹಗಲಿನಲ್ಲೇ ದೀಪ ಹಾಕಿದ್ದರು. ತಂಗಿ ಬಚ್ಚಲಿಗೆ ಹೋಗಿ ಹೊಸ ಪೈಪು ನೋಡಿದಳು. ಮುಂದಿನ ಕೋಣೆಗೆ ಬಂದು ಇಟ್ಟಿಗೆ ಕಟ್ಟಿದ ಕಿಟಕಿಯ ಮುಂದೆ ನಿಂತಳು. ಅವಳ ಗಂಡ ಅವಳನ್ನೇ ನೋಡುತ್ತಿದ್ದ. ಅಂದು ಅವನೂ ತಮಾಷೆ ಮಾಡಲಿಲ್ಲ.

“ಹೇಗಿದೆ ಮೇಡಂ?” ಮೇಷ್ಟ್ರು ಸ್ವಲ್ಪ ಅಂಜಿಕೆಯಿಂದಲೇ ಕೇಳಿದರು.

ಅವಳು ಸುಮ್ಮನಿದ್ದರೆ ಏನು ಗತಿ ಎಂದು ನಾನು ಯೋಚಿಸುತ್ತಿದ್ದೆ. ಅವಳು ಸುಮ್ಮನಿರಲಿಲ್ಲ.

“ಈಗ ಚರಂಡಿ ನೀರು ಬರಲ್ಲ. ಬೆಳಕೂ ಬರಲ್ಲ. ಫ್ಯಾನು ತಲೆಗೆ ಹತ್ತಿರ ಆಯ್ತು, ನೀವು ಉದ್ದ ಇದ್ದೀರಿ, ಕೈ ಎತ್ತಿ ಮೈ ಮುರೀಬೇಡಿ. ಈ ಇಟ್ಟಿಗೆಗೆ ಗಾರೆ ಸಾಲದು, ಮಳೆಗೆ ತೇವ ಹಿಡಿಯುತ್ತೆ. ಕಿಟಕಿ ಮುಚ್ಚಿಸೋ ಮೊದಲು ಒಂದು ಪರದೆ ಹಾಕಿಸಬಾರದಿತ್ತಾ?”

ಮೇಷ್ಟ್ರು ನಿರಾಳವಾಗಿ ಉಸಿರು ಬಿಟ್ಟರು. ಪರದೆಯ ಯೋಚನೆ ಬರಲೇ ಇಲ್ಲವೆಂದು ಒಪ್ಪಿಕೊಂಡರು. ಹೆಂಡತಿಯ ಕಡೆ ತಿರುಗಿ, “ನೋಡು, ಇದನ್ನೇ ನಾನು ಅಂದು ಕೇಳೋಕೆ ಬಂದಿದ್ದು,” ಎಂದರು.

ತಂಗಿಯ ಗಂಡ ನನ್ನ ಮುಖ ನೋಡಿದ. ಅವನಿಗೂ ಅರ್ಥವಾಗಿತ್ತು. ಅವಳು ಆ ಮನೆಗೆ ಹುಳುಕು ಹೇಳತೊಡಗಿದ್ದಳು, ಎಂದರೆ ಅದು ಅವಳಿಗೆ ಇನ್ನು ಬೇಕಾಗಿರಲಿಲ್ಲ. ಅವನ ಲೆಕ್ಕ ಅಲ್ಲಿಗೆ ಮುಗಿಯಿತು.

ಹೊರಡುವಾಗ ಮೇಷ್ಟ್ರ ಹೆಂಡತಿ ಆ ಮರದ ಬಿರಡೆಯನ್ನು ತೊಳೆದು ಕಾಗದದಲ್ಲಿ ಸುತ್ತಿ ಕೊಟ್ಟಳು. ಹಳದಿ ಮನೆ ರಸ್ತೆಗಿಂತ ಎತ್ತರದಲ್ಲಿದೆ, ಅಲ್ಲಿ ಅದಕ್ಕೆ ಕೆಲಸವಿಲ್ಲ. ಆದರೂ ತಂಗಿ ತೆಗೆದುಕೊಂಡಳು. ಈಗ ಅದು ಅವಳ ಅಡುಗೆಮನೆಯ ಬಾಗಿಲಿಗೆ ಒತ್ತಾಗಿದೆ. ಮಧ್ಯಾಹ್ನ ತಿರುಗಿದಮೇಲೆ ಆ ಬಾಗಿಲು ತೆರೆದಿರದಿದ್ದರೆ ಒಳಗೆ ನಿಲ್ಲಲು ಸಾಧ್ಯವಿಲ್ಲ. ಅದನ್ನಂತೂ ಅವಳು ಮೊದಲೇ ಹೇಳಿದ್ದಳು.